ಯೂಸಿಂಗ್ ಹಾಕಿದರೂ ಮೆಮೊರಿ ಸೋರುತ್ತಿತ್ತು

ಕಲಬುರಗಿಯ ಒಂದು ದಾಲ್ ಮಿಲ್‌ನ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಕಾಟಾ ಪಕ್ಕದ ಕಂಪ್ಯೂಟರ್‌ನಲ್ಲಿ ಸಿ ಶಾರ್ಪ್ ಭಾಷೆಯಲ್ಲಿ ಬರೆದ, ಹಿನ್ನೆಲೆಯಲ್ಲೇ ಇರುವ ಸಣ್ಣ ಸರ್ವಿಸ್ ಒಂದು ಓಡುತ್ತಿರುತ್ತದೆ. ಡಿಸ್ಕ್‌ನಲ್ಲಿ ಜಾಗ ಎಷ್ಟಿದೆ, ತೂಕದ ಚೀಟಿ ಕೊಡುವ ಪ್ರಿಂಟರ್ ಸರಿ ಇದೆಯಾ ಅಂತ ಡಬ್ಲ್ಯೂಎಂಐಯನ್ನು (ಕಂಪ್ಯೂಟರ್‌ನ ಸ್ಥಿತಿ ತಿಳಿಸುವ ವಿಂಡೋಸ್‌ನ ವ್ಯವಸ್ಥೆ) ಆಗಾಗ ಕೇಳುವುದು, ಅಷ್ಟೇ ಅದರ ಕೆಲಸ. ತೊಗರಿ ಸೀಸನ್‌ನಲ್ಲಿ ಲಾರಿಗಳು ಸಾಲಾಗಿ ನಿಂತಿರುತ್ತವೆ, ಆ ಕಂಪ್ಯೂಟರನ್ನು ಯಾರೂ ಆಫ್ ಮಾಡುವುದಿಲ್ಲ. ಸೋರಿಕೆ ಕಣ್ಣಿಗೆ ಬಿದ್ದದ್ದು ಆಗಲೇ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಸರ್ವಿಸ್‌ನ ಮೆಮೊರಿ ಏರುತ್ತಲೇ ಇತ್ತು. ಆದರೆ ಡಾಟ್‌ನೆಟ್ ಹೀಪ್, ಅಂದರೆ ಸಿ ಶಾರ್ಪ್ ಪ್ರೋಗ್ರಾಂ ಓಡಿಸುವ ಡಾಟ್‌ನೆಟ್ ತಾನೇ ನಿಭಾಯಿಸುವ ಮೆಮೊರಿ, ನೋಡಿದರೆ ಪುಟ್ಟದು! ಡಬ್ಲ್ಯೂಎಂಐ ಉತ್ತರ ನಮಗೆ ಸಿಗುವುದು ಮ್ಯಾನೇಜ್‌ಮೆಂಟ್ ಆಬ್ಜೆಕ್ಟ್ ಆಗಿ. ಅದು ಮೇಲೆ ಸಣ್ಣ ಹೊದಿಕೆ, ಒಳಗಿರುವುದು ಡಾಟ್‌ನೆಟ್ ಹೀಪ್‌ನ ಹೊರಗಿರುವ, ವಿಂಡೋಸ್‌ನ ಕಾಮ್ ಆಬ್ಜೆಕ್ಟ್. ಬೇಡವಾದ ಮೆಮೊರಿಯನ್ನು ಗುಡಿಸುವ ಗಾರ್ಬೇಜ್ ಕಲೆಕ್ಟರ್‌ಗೆ ಕಾಣುವುದು ಹೊದಿಕೆ ಮಾತ್ರ. ಹೀಪ್ ಇನ್ನೂ ಖಾಲಿ ಇದೆ ಅಂತ ಅದು ಸುಮ್ನೆ ಕೂರುತ್ತದೆ, ಕೆಳಗೆ ಕಾಮ್‌ನ ಮೆಮೊರಿ ಬೆಳೆಯುತ್ತಾ ಹೋಗುತ್ತದೆ.

ಡಬ್ಲ್ಯೂಎಂಐಯನ್ನು ಕೇಳುವ ಸರ್ಚರ್, ಅದರ ಗೆಟ್ ಕೊಟ್ಟ ಕಲೆಕ್ಷನ್ (ಉತ್ತರಗಳ ಗುಂಪು), ಒಳಗಿನ ಒಂದೊಂದು ಆಬ್ಜೆಕ್ಟ್, ಎಲ್ಲಕ್ಕೂ ಯೂಸಿಂಗ್ ಮೊದಲೇ ಇತ್ತು. ಕೆಲಸ ಮುಗಿದೊಡನೆ ಡಿಸ್ಪೋಸ್ ಅನ್ನುವ ಬಿಡುಗಡೆ ಮೆಥಡನ್ನು ತಾನೇ ಕರೆಯುವುದು ಯೂಸಿಂಗ್. ಕಲೆಕ್ಷನ್‌ಗೆ ಅದು ಸಾಕು. ಆಬ್ಜೆಕ್ಟ್‌ಗೆ ಸಾಲದು, ಇಲ್ಲೇ ಇದೆ ತಮಾಷೆ. ಮ್ಯಾನೇಜ್‌ಮೆಂಟ್ ಆಬ್ಜೆಕ್ಟ್‌ನ ತಾಯಿ ಕ್ಲಾಸ್ ಮ್ಯಾನೇಜ್‌ಮೆಂಟ್ ಬೇಸ್ ಆಬ್ಜೆಕ್ಟ್. ಅದು ಡಿಸ್ಪೋಸ್ ಅನ್ನು ಓವರ್‌ರೈಡ್ ಮಾಡಿಲ್ಲ (ಹಳೆಯದರ ಜಾಗಕ್ಕೆ ಹೊಸದನ್ನು ತಂದಿಲ್ಲ), 'ನ್ಯೂ' ಅಂತ ಹಾಕಿ ತನ್ನ ತಾಯಿಯಾದ ಕಾಂಪೊನೆಂಟ್ ಕ್ಲಾಸ್‌ನ ಡಿಸ್ಪೋಸ್ ಅನ್ನು ಮರೆಮಾಡಿದೆ ಅಷ್ಟೇ. ಯೂಸಿಂಗ್ ಐ-ಡಿಸ್ಪೋಸಬಲ್ ಇಂಟರ್‌ಫೇಸ್ ಮೂಲಕ ಕರೆಯುವುದರಿಂದ ಹಳೆಯ ಕಾಂಪೊನೆಂಟ್‌ನದೇ ಓಡುತ್ತದೆ, ಕಾಮ್ ಭಾಗ ಕೈಬಿಡುವ ಸಾಲು ಓಡುವುದೇ ಇಲ್ಲ. ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಡಲ್ಲ, ಹೇಗೆ ಗೊತ್ತಾಗಬೇಕು ಹೇಳಿ? ಈ ಡಿಸೈನ್ ನನಗೆ ಒಂಚೂರೂ ಇಷ್ಟವಿಲ್ಲ.

ಹಾಗಾಗಿ ಆಬ್ಜೆಕ್ಟ್‌ಗಳನ್ನು ಒಂದೊಂದಾಗಿ ತೆಗೆಯುವ ಫಾರ್‌ಈಚ್ ಲೂಪ್ ಒಳಗೆ ಟ್ರೈ–ಫೈನಲಿ ಹಾಕಿ, ತಪ್ಪು ಬಂದರೂ ಓಡುವ ಫೈನಲಿಯಲ್ಲಿ ಆ ಆಬ್ಜೆಕ್ಟ್‌ನ ವೇರಿಯಬಲ್ ಮೇಲೆ ನೇರವಾಗಿ ಡಿಸ್ಪೋಸ್ ಕರೆದೆ. ವೇರಿಯಬಲ್‌ನ ಟೈಪ್ ಮ್ಯಾನೇಜ್‌ಮೆಂಟ್ ಆಬ್ಜೆಕ್ಟ್ ಅಥವಾ ಅದರ ಬೇಸ್ ಆಬ್ಜೆಕ್ಟ್ ಅಂತಲೇ ಇರಬೇಕು, ಐ-ಡಿಸ್ಪೋಸಬಲ್ ಅಂತ ಇಟ್ಟರೆ ಮತ್ತೆ ಅದೇ ಕಥೆ. ಮೆಮೊರಿ ಏರುವುದು ನಿಂತಿತು. ಕಲೆಕ್ಷನ್ ಡಿಸ್ಪೋಸ್ ಆದರೆ ಒಳಗಿನವೂ ಹೋಗುತ್ತವೆ ಅಂತ ಜಾಸ್ತಿ ಜನ ಅಂದುಕೊಳ್ಳುತ್ತಾರೆ, ಹೋಗುವುದಿಲ್ಲ.

ಗಾರ್ಬೇಜ್ ಕಲೆಕ್ಟರನ್ನು ಬಲವಂತವಾಗಿ ಕರೆಯುವ ಸಾಲನ್ನು ಲೂಪ್‌ನಲ್ಲಿ ಸೇರಿಸು ಅಂತ ಗೆಳೆಯನೊಬ್ಬ ಹೇಳಿದ್ದ. ಮೆಮೊರಿ ಇಳಿಯಬಹುದು, ಆದರೆ ಬೇರು ಹಾಗೇ ಉಳಿಯುತ್ತದಲ್ವಾ? ನಾನು ಹಾಕಲಿಲ್ಲ.

ಡಬ್ಲ್ಯೂಎಂಐ ಘಟನೆಗಳಿಗೆ ಕಾಯುವ ಈವೆಂಟ್ ವಾಚರ್ ಬಳಸುವವರು ಮೊದಲು ಸ್ಟಾಪ್, ಆಮೇಲೆ ಡಿಸ್ಪೋಸ್ ಕರೆಯಿರಿ. ಡಬ್ಲ್ಯೂಎಂಐ ಆಬ್ಜೆಕ್ಟ್‌ಗೆ ಕೆಲಸ ಹೇಳುವ ಇನ್‌ವೋಕ್ ಮೆಥಡ್ ವಾಪಸ್ ಕೊಡುವ ಫಲಿತಾಂಶವೂ ಬೇಸ್ ಆಬ್ಜೆಕ್ಟೇ ಆಗಿದ್ದರೆ ಅದಕ್ಕೂ ಇದೇ ಕೈ ಡಿಸ್ಪೋಸ್ ಬೇಕು.