ರೀಫ್ ಟ್ಯಾಂಕಿಗೆ ಕಲ್ಲಿನ ಜೊತೆ ಬಂದ ಬಸವನಹುಳು: ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು?

ಉಪ್ಪುನೀರಿನಲ್ಲಿ ಹವಳ ಬೆಳೆಸುವ ರೀಫ್ ಟ್ಯಾಂಕಿಗೆ ಲೈವ್ ರಾಕ್ (ಸಣ್ಣ ಜೀವಿಗಳು ನೆಲೆಸಿದ ಸಮುದ್ರದ ಕಲ್ಲು) ಅಥವಾ ಹವಳದ ತುಂಡು ಬಂದ ಕೆಲವು ವಾರಗಳಲ್ಲಿ, ಯಾರೂ ಕೊಂಡು ತರದ ಬಸವನಹುಳುಗಳು ಗಾಜಿನ ಮೇಲೆ ಕಾಣಿಸಿಕೊಳ್ಳುತ್ತವೆ. ಕಂಡ ಕೂಡಲೇ ಕಿತ್ತೆಸೆಯಬೇಡಿ. ಅವುಗಳಲ್ಲಿ ಹೆಚ್ಚಿನವು ಪಾಚಿ ತಿಂದು ಬದುಕುವವು, ಟ್ಯಾಂಕಿನಲ್ಲೇ ಮರಿ ಮಾಡುವವು. ಕೆಡುಕು ಮಾಡುವವು ಕೆಲವೇ ಕೆಲವು. ಅವನ್ನು ಬೇರ್ಪಡಿಸಲು ಚಿಪ್ಪಿನ ಬಣ್ಣಕ್ಕಿಂತ ಚಿಪ್ಪಿನ ಬಾಯಿ, ಅಂದರೆ ಹುಳು ಹೊರಬರುವ ತೆರಪು, ಹೆಚ್ಚು ಹೇಳುತ್ತದೆ.

ದೀಪ ಆರಿಸಿ ಒಂದೆರಡು ಗಂಟೆ ಬಿಟ್ಟು ಕೆಂಪು ಬೆಳಕಿನ ಟಾರ್ಚ್ ಹಿಡಿದು ನೋಡಿ. ಸಿಕ್ಕ ಹುಳುವನ್ನು ಎರಡು ಲೀಟರ್ ಟ್ಯಾಂಕ್ ನೀರಿರುವ ಡಬ್ಬಿಗೆ ಹಾಕಿ, ಗಾಳಿಯ ಗುಳ್ಳೆ ಬಿಡುವ ಏರ್ ಸ್ಟೋನ್ ಇಡಿ. ಶಂಕುವಿನಾಕಾರದ, ಉದ್ದಕ್ಕೂ ಕಿರಿದಾದ ಸೀಳಿನಂತೆ ಬಾಯಿ ಇರುವ ಚಿಪ್ಪನ್ನು ಮಾತ್ರ ಕೈಯಲ್ಲಿ ಮುಟ್ಟಲೇಬೇಡಿ. ಅದು ಕೋನ್ ಸ್ನೇಲ್ ಇರಬಹುದು. ಅದರ ವಿಷದ ಹಲ್ಲು ಕೈಗವಸನ್ನೂ ದಾಟಬಲ್ಲದು, ಕೆಲವು ಜಾತಿಗಳ ಕುಟುಕು ಮನುಷ್ಯರ ಪ್ರಾಣ ತೆಗೆದಿದೆ. ಉದ್ದನೆಯ ಇಕ್ಕಳ ಬಳಸಿ.

ಈಗ ಭೂತಗನ್ನಡಿಯಲ್ಲಿ ಬಾಯಿ ನೋಡಿ. ಅಂಚು ಎಲ್ಲೂ ಮುರಿಯದೆ ದುಂಡಗಿದ್ದರೆ ಸಾಮಾನ್ಯವಾಗಿ ಪಾಚಿ ಮೇಯುವ ಹುಳು. ಒಂದು ತುದಿಯಲ್ಲಿ ಕೊರಕಲೋ ಕೊಳವೆಯೋ ಇದ್ದರೆ ಮಾಂಸಾಹಾರಿ ಇರಬಹುದು. ಆ ಜಾಗದಿಂದ ಹೊರಚಾಚುವ ನಳಿಕೆಯಿಂದ ಅದು ವಾಸನೆ ಹಿಡಿಯುತ್ತದೆ. ಆದರೆ ಇದೊಂದನ್ನೇ ನಂಬಿ ತೀರ್ಪು ಕೊಡಬೇಡಿ. ಸೆರಿತ್ ಬಸವನಹುಳುವಿಗೆ ಕೊರಕಲಿದ್ದರೂ ಅದು ಪಾಚಿ, ಕಸ ತಿನ್ನುವ ಒಳ್ಳೆಯ ಕೆಲಸಗಾರ. ನಸೇರಿಯಸ್ ಮರಳಲ್ಲಿ ಹೂತಿದ್ದು, ಉಳಿದ ಮೀನಿನ ಆಹಾರದ ವಾಸನೆಗೆ ಎದ್ದು ಬರುತ್ತದೆ, ಅದೂ ಇರಲಿ. ಇನ್ನೊಂದು ಕಡೆ, ಹೆಲಿಯಾಕಸ್ ಎಂಬ ಸನ್‌ಡಯಲ್ ಹುಳುವಿನ ಬಾಯಿ ದುಂಡಗೇ ಇದೆ, ಆದರೂ ಜೊವಾಂತಿಡ್ ಹವಳಗಳನ್ನು ತಿನ್ನುತ್ತದೆ. ಚಿಪ್ಪು ಚಪ್ಪಟೆ ಸುರುಳಿ, ಮೇಲೆ ಕಪ್ಪು ಬಿಳಿ ಚೌಕುಳಿ. ಅದನ್ನು ತೆಗೆಯುವಾಗ ಕೈಗವಸು, ಕನ್ನಡಕ ಎರಡೂ ಇರಲಿ: ಜೊವಾಂತಿಡ್‌ಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಕಡುವಿಷ ಇರಬಹುದು.

ಸಂಶಯ ತೀರದಿದ್ದರೆ ಡಬ್ಬಿಯೊಳಗೆ ಒಂದು ಬದಿ ಪಾಚಿ ಹಿಡಿದ ಕಲ್ಲು, ಇನ್ನೊಂದು ಬದಿ ಸಣ್ಣ ಸಿಗಡಿ ಚೂರು ಇಟ್ಟು ಎರಡು ಮೂರು ದಿನ ಗಮನಿಸಿ. ಸಿಗಡಿ ಚೂರನ್ನು ಕೆಲವು ಗಂಟೆಗಳಲ್ಲೇ ತೆಗೆದುಬಿಡಿ, ಇಲ್ಲವಾದರೆ ಅಮೋನಿಯಾ ಏರುತ್ತದೆ. ದಿನಕ್ಕೊಮ್ಮೆ ಅರ್ಧ ನೀರು ಬದಲಿಸಿ. ನೀರು ಆವಿಯಾಗಿ ಉಪ್ಪು ಹೆಚ್ಚದಂತೆ ಆರ್‌ಒ ನೀರು ಸೇರಿಸುತ್ತಿರಿ.

ಅತಿ ಹೆಚ್ಚು ಅನ್ಯಾಯಕ್ಕೆ ಒಳಗಾಗುವುದು ಕೊಲೊನಿಸ್ಟಾ ಎಂಬ ಪಾಚಿ ಮೇಯುವ ಪುಟ್ಟ ಹುಳು. ಇದನ್ನು ಪಿರಮಿಡೆಲಿಡ್ ಎಂಬ ಪರಾವಲಂಬಿ ಅಂದುಕೊಂಡು ಕೊಲ್ಲುವವರು ಬಹಳ. ಎರಡೂ ಕೆಲವೇ ಮಿಲಿಮೀಟರ್, ಎರಡೂ ರಾತ್ರಿ ಹೊರಬರುತ್ತವೆ. ಕೊಲೊನಿಸ್ಟಾ ಗುಂಡಗೆ, ಗಿಡ್ಡಗೆ. ಬಾಯಿ ಮುಚ್ಚುವ ಗಟ್ಟಿ ಸುಣ್ಣದ ಮುಚ್ಚಳವಿದೆ. ಕಲ್ಲು, ಗಾಜಿನ ಮೇಲೆ ಹರಡಿಕೊಂಡು ಮೇಯುತ್ತದೆ. ಪಿರಮಿಡೆಲಿಡ್ ಅಕ್ಕಿಕಾಳಿನಂತೆ ನೀಳ, ಬಿಳಿ. ದೊಡ್ಡ ಬಸವನಹುಳುಗಳ ಚಿಪ್ಪಿನ ಅಂಚಿನಲ್ಲಿ ಅಥವಾ ಟ್ರೈಡಾಕ್ನಾ ಎಂಬ ದೈತ್ಯ ಕಪ್ಪೆಚಿಪ್ಪಿನ ಬುಡದಲ್ಲಿ ಗುಂಪುಗೂಡಿ ರಸ ಹೀರುತ್ತದೆ. ಎಲ್ಲಿ ಕೂತಿದೆ ಎಂಬುದೇ ಇಲ್ಲಿ ದೊಡ್ಡ ಸುಳಿವು. ಅದು ಪಿರಮಿಡೆಲಿಡ್ ಆಗಿದ್ದರೆ, ಆತಿಥೇಯ ಪ್ರಾಣಿಯನ್ನು ತೆಗೆದು ಟ್ಯಾಂಕ್ ನೀರಿನಲ್ಲಿ ಮೆದು ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಅಂಟಿನಂಥ ಮೊಟ್ಟೆಯ ಮುದ್ದೆಗಳನ್ನೂ ಬಿಡದೆ ತೆಗೆಯಿರಿ. ಮೊಟ್ಟೆ ಉಳಿದರೆ ಮತ್ತೆ ಹುಟ್ಟುತ್ತವೆ, ಹಾಗಾಗಿ ಕೆಲವು ದಿನಕ್ಕೊಮ್ಮೆಯಂತೆ ಹಲವು ವಾರ ಮುಂದುವರಿಸಿ.

ಪಾಚಿ ತಿನ್ನುವ ಸ್ಟೊಮಟೆಲ್ಲಾ ಎಂಬ ಹುಳು ಸಿಕ್ಕರೆ ಸಂತೋಷಪಡಿ. ಮೈಯ ಒಂದು ಭಾಗವನ್ನಷ್ಟೇ ಮುಚ್ಚುವ ಚಪ್ಪಟೆ ಕಿವಿಯಾಕಾರದ ಚಿಪ್ಪು, ಬೆಳಕು ಬಿದ್ದರೆ ಬಸವನಹುಳುವೆಂದು ನಂಬಲಾಗದಷ್ಟು ವೇಗ. ಹಿಡಿದೆಳೆದರೆ ಪಾದದ ಹಿಂಬದಿಯನ್ನು ಕಳಚಿ ಓಡುತ್ತದೆ, ಆದ್ದರಿಂದ ಮುಟ್ಟದಿರುವುದೇ ಒಳಿತು. ಎತ್ತರಕ್ಕೇರಿ ಬಿಳಿ ಹೊಗೆಯಂಥದ್ದನ್ನು ಬಿಟ್ಟರೆ ಅದು ಮರಿ ಮಾಡುವ ಕಾಲ, ರೋಗವಲ್ಲ.

ವರ್ಮೆಟಿಡ್ ಎಂಬ ಬಸವನಹುಳು ನಡೆದಾಡುವುದಿಲ್ಲ, ಕಲ್ಲಿಗಂಟಿದ ಗಟ್ಟಿ ಕೊಳವೆಯಲ್ಲಿ ಕೂತು ಲೋಳೆಯ ಬಲೆ ಬೀಸುತ್ತದೆ. ಬಲೆ ತಗುಲಿದ ಹವಳ ಸಂಕುಚಿಸಿ ಬೆಳವಣಿಗೆ ಕುಂದುತ್ತದೆ. ಸಾಧ್ಯವಾದರೆ ಕಲ್ಲನ್ನು ಹೊರತೆಗೆದು ಕೊಳವೆಯನ್ನು ಬುಡದಿಂದಲೇ ಕಿತ್ತು, ಬಿದ್ದ ಚೂರುಗಳನ್ನು ಎಸೆಯಿರಿ. ಕೊಳವೆಯೊಳಗೆ ಮೊಟ್ಟೆ ಇರಬಹುದು, ಟ್ಯಾಂಕಿನೊಳಗೇ ಒಡೆದರೆ ಹರಡುವ ಅಪಾಯ. ಕಲ್ಲು ತೆಗೆಯಲಾಗದಿದ್ದರೆ ಕೊಳವೆಯ ಬಾಯಿಗೆ ಜೆಲ್ ರೂಪದ ಸೂಪರ್ ಗ್ಲೂ ಒಂದು ಹನಿ. ಪುಡಿ ಆಹಾರ, ಹವಳದ ದ್ರವ ಆಹಾರ ಕಡಿಮೆ ಮಾಡದೆ ಇದು ನಿಲ್ಲುವುದಿಲ್ಲ, ಏಕೆಂದರೆ ಬಲೆಗೆ ಬೀಳುವುದು ಅದೇ.

ಉಳಿಸಿಕೊಳ್ಳುವ ಹುಳುಗಳಿಗೆ ಸ್ಪೆಸಿಫಿಕ್ ಗ್ರಾವಿಟಿ (ನೀರಿನ ಉಪ್ಪಿನಂಶ ತೋರಿಸುವ ಅಳತೆ) 1.025–1.026, ಉಷ್ಣತೆ 24–26 ಡಿಗ್ರಿ ಸೆಲ್ಸಿಯಸ್, ಕ್ಯಾಲ್ಸಿಯಂ 400–450 ಪಿಪಿಎಂ, ಆಲ್ಕಲಿನಿಟಿ (ಕ್ಷಾರೀಯತೆ) 8–9 ಡಿಕೆಎಚ್ (ಅದನ್ನು ಅಳೆಯುವ ಮಾನ) ಸಾಕು. ಉಪ್ಪಿನಂಶ ಏಕಾಏಕಿ ಬದಲಾದರೆ ತಾಳುವುದಿಲ್ಲ, ಟ್ಯಾಂಕ್ ನೀರನ್ನು ಹನಿ ಹನಿಯಾಗಿ ಬೆರೆಸಿ (ಡ್ರಿಪ್ ಮಾಡಿ) ಒಗ್ಗಿಸಿಯೇ ಹುಳುವನ್ನು ಸೇರಿಸಿ. ತಾಮ್ರವಿರುವ ಮೀನಿನ ಔಷಧಿ ಟ್ಯಾಂಕಿಗೆ ಬಂದರೆ ಬಸವನಹುಳುಗಳು ಉಳಿಯುವುದಿಲ್ಲ. ಪಾಚಿ ಮುಗಿದಾಗ ಅಂಗೈಯ ಕಾಲು ಭಾಗದಷ್ಟು ನೋರಿ (ಒಣಗಿಸಿದ ಕಡಲಪಾಚಿ) ಹಾಳೆಯನ್ನು ಕಲ್ಲಿಗೆ ಕಟ್ಟಿ, ಮರುದಿನ ಉಳಿದದ್ದನ್ನು ತೆಗೆಯಿರಿ. ಸಂಖ್ಯೆ ಏರಿದರೆ ಗಾಬರಿ ಬೇಡ. ಆಹಾರ ಇಳಿಸಿದರೆ ಅದೂ ಇಳಿಯುತ್ತದೆ. ಹರ್ಮಿಟ್ ಏಡಿ ಚಿಪ್ಪಿಗಾಗಿ ಹುಳುವನ್ನು ಕೊಲ್ಲದಿರಲು ಖಾಲಿ ಚಿಪ್ಪುಗಳನ್ನು ಮರಳಿನ ಮೇಲೆ ಇಡಿ. ತೆಗೆದ ಹುಳುಗಳನ್ನು ಕೆರೆ, ಸಮುದ್ರ, ಚರಂಡಿಗೆ ಬಿಡಬಾರದು; ಫ್ರೀಜರ್‌ನಲ್ಲಿಟ್ಟು ಸತ್ತ ಮೇಲೆ ಕಸಕ್ಕೆ ಹಾಕಿ.