ಕಾರ್ಗಿಲ್‌ನ ಹಿಮದಲ್ಲಿ ಸ್ವೆಟರ್ ತೆಗೆಸಿದ ತರಗತಿ: ನನ್ನ ಅನುಭವ

ಕಳೆದ ಜನವರಿಯ ಒಂದು ಮಧ್ಯಾಹ್ನ ಹೊರಗೆ ಮೈನಸ್ ಐದು ಇತ್ತು. ಕಿಟಕಿಯ ಪಕ್ಕ ಕುಳಿತಿದ್ದ ಹತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, ‘ಸರ್, ಸೆಕೆಯಾಗುತ್ತಿದೆ, ಸ್ವೆಟರ್ ತೆಗೆಯಲೇ?’ ಎಂದು ಕೇಳಿದ. ಪ್ಲಾಸ್ಟಿಕ್ ಹಾಳೆ ಹೊದಿಸಿ ತರಗತಿಯನ್ನು ಬಿಸಿಲಿನಿಂದಲೇ ಬೆಚ್ಚಗಿಡಲು ಹೊರಟ ನನ್ನ ಕೆಲಸ ನೋಡಿ ಎರಡು ವರ್ಷ ನಕ್ಕಿದ್ದ ಸಹೋದ್ಯೋಗಿಗಳಿಗೆ ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಈಗ ಅವರು ನನ್ನನ್ನು ಕಂಡರೆ ವರಾಂಡದ ಇನ್ನೊಂದು ತುದಿಯಿಂದ ನುಸುಳಿಕೊಳ್ಳುತ್ತಾರೆ. ಕೇಳುವವರು ಮುಗಿದರು, ಆದ್ದರಿಂದ ಬರೆಯಲು ಕುಳಿತೆ.

ನಾನು ದಾವಣಗೆರೆಯವನು, ಗಣಿತದ ಮೇಷ್ಟ್ರು. ಕಾರ್ಗಿಲ್‌ಗೆ ವರ್ಗವಾಗಿ ಬಂದು ನಾಲ್ಕು ವರ್ಷವಾಯಿತು. ಇಲ್ಲಿ ಡಿಸೆಂಬರ್ ಮಧ್ಯದಿಂದ ಫೆಬ್ರುವರಿ ಮುಗಿಯುವವರೆಗೆ ಶಾಲೆಗೆ ರಜೆ. ಆದರೆ ಬೋರ್ಡ್ ಪರೀಕ್ಷೆ ಎದುರಿಗೇ ಇರುವುದರಿಂದ ಹತ್ತು ಮತ್ತು ಹನ್ನೆರಡನೆಯ ತರಗತಿಯವರಿಗೆ ಚಳಿಗಾಲದಲ್ಲೇ ವಿಶೇಷ ಪಾಠ ನಡೆಯುತ್ತದೆ. ಬಯಲು ಸೀಮೆಯಿಂದ ಬಂದ ಶಿಕ್ಷಕರು ಸಾಮಾನ್ಯವಾಗಿ ಶ್ರೀನಗರದ ದಾರಿಯ ಜೊಜಿಲಾ ಕಣಿವೆಮಾರ್ಗ ಹಿಮದಿಂದ ಮುಚ್ಚುವ ಮೊದಲು ಊರು ಸೇರಿಕೊಳ್ಳುತ್ತಾರೆ. ಮೊದಲ ವರ್ಷ ನಾನು ಉಳಿದದ್ದು ಸೇವಾಭಾವದಿಂದೇನೂ ಅಲ್ಲ, ಟಿಕೆಟ್ ಸಿಗಲಿಲ್ಲ.

ಬೆಳಗಿನ ಪಾಡು ಗುಡ್ಡಗಾಡಿಗೆ ಬಂದವರಿಗೆಲ್ಲ ಗೊತ್ತಿದೆ. ನಲ್ಲಿ ಡಿಸೆಂಬರ್‌ನಲ್ಲೇ ಸಾಯುತ್ತದೆ, ಬಕೆಟ್ಟಿನ ನೀರಿನ ಮೇಲಿನ ಹೆಪ್ಪನ್ನು ಚೊಂಬಿನ ತಳದಿಂದ ಕುಟ್ಟಿ ಒಡೆಯಬೇಕು. ತರಗತಿಯೊಳಗಿನ ಕಷ್ಟ ಮಾತ್ರ ನನಗೆ ಹೊಸದು. ಮೊದಲ ದಿನ ಊರಿನ ಅಭ್ಯಾಸದಂತೆ ಒದ್ದೆ ಬಟ್ಟೆಯಿಂದ ಹಲಗೆ ಒರೆಸಿದೆ. ತಿರುಗಿ ಬರೆಯಲು ಹೋಗುವಷ್ಟರಲ್ಲಿ ಅದರ ಮೇಲೆ ತೆಳ್ಳನೆಯ ಮಂಜಿನ ಪದರ ಕಟ್ಟಿ ಸೀಮೆಸುಣ್ಣ ಗಾಜಿನ ಮೇಲೆ ಜಾರಿದಂತೆ ಜಾರಿತು. ಬಾಲ್‌ಪೆನ್ನಿನ ಮಸಿ ಗಟ್ಟಿಯಾಗಿ ಅಕ್ಷರ ಅರ್ಧಕ್ಕೇ ನಿಲ್ಲುತ್ತದೆ. ಮಕ್ಕಳು ಪೆನ್ನನ್ನು ಫೆರನ್ ಎಂಬ ದೊಗಲೆ ನಿಲುವಂಗಿಯೊಳಗೆ ಕಂಕುಳಲ್ಲಿ ಇಟ್ಟುಕೊಂಡು, ಎರಡು ಸಾಲು ಬರೆದು ಮತ್ತೆ ಅಲ್ಲಿಗೇ ಸಿಕ್ಕಿಸುತ್ತಿದ್ದರು. ಗಣಿತಕ್ಕೆ ಪೆನ್ಸಿಲ್ ಸಾಕು ಎಂದು ಅಂದೇ ಆಜ್ಞೆ ಹೊರಡಿಸಿದೆ.

ಬುಖಾರಿ, ಅಂದರೆ ಹೊಗೆಕೊಳವೆಯ ಸೌದೆ ಒಲೆ, ಇತ್ತು, ಇಲ್ಲವೆಂದಲ್ಲ. ಅದರ ಸುತ್ತ ಕುಳಿತ ಆರು ಜನ ಬೇಯುತ್ತಾರೆ, ಹಿಂದಿನ ಬೆಂಚಿನವರು ಹೆಪ್ಪುಗಟ್ಟುತ್ತಾರೆ. ಕೊಳವೆ ಕಟ್ಟಿಕೊಂಡರೆ ಎಲ್ಲರಿಗೂ ತಲೆನೋವು. ಬಾಗಿಲು ತೆರೆದರೆ ಉರಿಸಿದ ಸೌದೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ದಿನಕ್ಕೆ ಸುಮಾರು 15 ಕಿಲೋ ಸೌದೆ ಬೇಕು. ಆ ವರ್ಷ ಕ್ವಿಂಟಲಿಗೆ ಸಾವಿರದ ಆಸುಪಾಸು ಕೊಟ್ಟ ನೆನಪು. ಶಾಲೆಗೆ ಬಂದ ಸೌದೆ ಜನವರಿ ಎರಡನೆಯ ವಾರಕ್ಕೇ ಮುಗಿಯಿತು. ಉಳಿದದ್ದಕ್ಕೆ ಮಕ್ಕಳು ಮನೆಯಿಂದ ಒಂದೊಂದು ತುಂಡು ಹೊತ್ತು ತಂದರು.

ದಾರಿ ಕಂಡದ್ದು ಶಾಲೆಯ ಓಣಿಯ ಒಂದು ಮನೆಯಲ್ಲಿ. ಮನೆಯ ದಕ್ಷಿಣ ಗೋಡೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಒಳಗೆ ಪಾಲಕ್ ಬೆಳೆದಿದ್ದರು. ಕೈ ಹಾಕಿ ನೋಡಿದರೆ ನಮ್ಮೂರಿನ ಮಾರ್ಚ್ ತಿಂಗಳು! ಸೊಪ್ಪಿಗೆ ಸಿಗುವ ಬಿಸಿ ಮಕ್ಕಳಿಗೆ ಏಕೆ ಸಿಗಬಾರದು? ಲೇಹ್ ಹತ್ತಿರದ ಫೇ ಗ್ರಾಮದಲ್ಲಿ ಸೆಕ್ಮೋಲ್ ಎಂಬ ಶಿಕ್ಷಣ ಸಂಸ್ಥೆಯವರು ಕಟ್ಟಡಗಳನ್ನೇ ಬಿಸಿಲಿನಿಂದ ಬೆಚ್ಚಗಿಟ್ಟಿರುವುದು ಎಲ್ಲರಿಗೂ ಗೊತ್ತು. ಆದರೆ ಅವು ಅದಕ್ಕೆಂದೇ ಕಟ್ಟಿದವು. ನನ್ನದು ಯಾರೋ ಯಾವಾಗಲೋ ಕಟ್ಟಿದ ಹಳೆಯ ಕೊಠಡಿ, ದಕ್ಷಿಣಕ್ಕೆ ಎರಡು ಕಿಟಕಿ ಇದ್ದದ್ದೇ ಪುಣ್ಯ. ಕಚೇರಿಯಲ್ಲಿ ಕೇಳಿದರೆ ಸೌದೆಗೆ ಅನುದಾನವಿದೆ, ಪ್ಲಾಸ್ಟಿಕ್‌ಗೆ ಇಲ್ಲ ಎಂದರು. ಕೇರಳದ ಸಹೋದ್ಯೋಗಿಯೊಬ್ಬರು, ‘ಒಂದು ಹಾಳೆಗೆ ಚಳಿ ಹೆದರುತ್ತದೆಯೇ?’ ಎಂದು ನಕ್ಕರು. ಕೈಯಿಂದಲೇ ಖರ್ಚು ಮಾಡಿದೆ.

ಮೊದಲ ಸಲ ಬಜಾರಿನಲ್ಲಿ ಸಿಕ್ಕ ಪ್ಯಾಕಿಂಗ್ ಹಾಳೆ ತಂದೆ, ಸುಮಾರು 1,800 ರೂಪಾಯಿ. ದಕ್ಷಿಣದ ಕಿಟಕಿಗಳ ಹೊರಗೆ ಮರದ ಚೌಕಟ್ಟು ನಿಲ್ಲಿಸಿ, ಹಾಳೆಗೆ ನೇರವಾಗಿ ಮೊಳೆ ಹೊಡೆದೆ. ಒಂಬತ್ತು ದಿನ ಇತ್ತು. ಹತ್ತನೆಯ ಬೆಳಿಗ್ಗೆ ಬಂದು ನೋಡಿದರೆ ಅರ್ಧ ಹಾಳೆ ಸುರು ನದಿಯ ದಡದ ವಿಲೋ ಮರಗಳಲ್ಲಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಮೊಳೆ ಮಾತ್ರ ಚೌಕಟ್ಟಿನಲ್ಲಿ ಭದ್ರವಾಗಿತ್ತು.

ಎರಡನೆಯ ಸಲ ಬುದ್ಧಿ ಬಂತು ಎಂದುಕೊಂಡೆ. ಶ್ರೀನಗರದಿಂದ ಹಸಿರುಮನೆಗೆ ಬಳಸುವ 200 ಮೈಕ್ರಾನ್ ದಪ್ಪದ ಹಾಳೆ ತರಿಸಿದೆ, ಸಾಗಣೆ ಸೇರಿ 4,500 ಬಿತ್ತು. ಮೊಳೆಯ ಕೆಳಗೆ ಸೈಕಲ್ ಟ್ಯೂಬಿನ ತುಂಡು, ಅದರ ಮೇಲೆ ಮರದ ದಬ್ಬೆ. ಹಾಳೆ ಹರಿಯಲಿಲ್ಲ. ಆದರೆ ಇಳಿಜಾರನ್ನು ನಮ್ಮೂರಿನ ಹೆಂಚಿನ ಮಾಡಿನ ಲೆಕ್ಕದಲ್ಲಿ ಕೊಟ್ಟಿದ್ದೆ. ಜನವರಿಯಲ್ಲಿ ಎರಡು ರಾತ್ರಿ ಬಿಡದೆ ಹಿಮ ಬಿತ್ತು. ಹಾಳೆ ತೊಟ್ಟಿಲಿನಂತೆ ಜೋತುಬಿದ್ದಿತ್ತು, ಆದರೂ ನಿಂತಿತ್ತು. ಆಗ ಚೌಕಿದಾರರು ಎಂದಿನಂತೆ ಚಾವಣಿ ಏರಿ, ಮೇಲಿನ ಹಿಮವನ್ನೆಲ್ಲ ಸಲಿಕೆಯಲ್ಲಿ ತಳ್ಳಿದರು. ಎಲ್ಲಿಗೆ? ದಕ್ಷಿಣಕ್ಕೆ. ಕಂಬ, ದಬ್ಬೆ, ನನ್ನ ಮಾನ ಮೂರೂ ಅಡಿಯಲ್ಲಿ ಹೋದವು. ಅವರದೇನು ತಪ್ಪು, ಇಪ್ಪತ್ತು ವರ್ಷದಿಂದ ಅತ್ತಲೇ ತಳ್ಳುತ್ತಿದ್ದರು. ಹಾಳೆ ಹರಿಯಲಿಲ್ಲವಲ್ಲ ಎಂದು ನಾನು ಸಿಬ್ಬಂದಿ ಕೊಠಡಿಯಲ್ಲಿ ವಾದಿಸಿದೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

ನಿಜವಾದ ತೊಂದರೆ ಬೇರೆಯೇ ಇತ್ತು. ಬೀಳುವ ಮೊದಲಿನ ಮೂರು ವಾರವೂ ಹಾಳೆಯೊಳಗೆ 25 ಡಿಗ್ರಿ, ಕೊಠಡಿಯೊಳಗೆ ಆರೇಳು. ಕಿಟಕಿ ತೆರೆದಿದ್ದರೂ ಬಿಸಿ ಒಳಗೆ ಬರುತ್ತಿರಲಿಲ್ಲ. ಊದುಬತ್ತಿ ಹಚ್ಚಿ ಕಿಟಕಿಯ ಮುಂದೆ ಹಿಡಿದೆ. ಹೊಗೆ ಸ್ವಲ್ಪ ಒಳಗೆ, ಸ್ವಲ್ಪ ಹೊರಗೆ, ನಡುವೆ ಸುಮ್ಮನೆ ಸುತ್ತುತ್ತಿತ್ತು. ಹನ್ನೆರಡನೆಯ ತರಗತಿಯ ಹುಡುಗಿಯೊಬ್ಬಳು ನೋಡುತ್ತಾ ನಿಂತಿದ್ದವಳು, ‘ತಣ್ಣನೆಯ ಗಾಳಿ ಹೊರಗೆ ಹೋಗಲು ಬಾಗಿಲೇ ಇಲ್ಲವಲ್ಲ ಸರ್, ಅದು ನಮ್ಮ ಕಾಲಿನ ಹತ್ತಿರವೇ ಕುಳಿತಿದೆ’ ಎಂದಳು. ಎಂ.ಎಸ್ಸಿ. ಓದಿದ ತಲೆಗೆ ಇದು ಹೊಳೆದಿರಲಿಲ್ಲ.

ಮೂರನೆಯ ವರ್ಷ ಮೊದಲು ಮಾಡಿದ ಕೆಲಸ, ದಕ್ಷಿಣ ಗೋಡೆಯ ನೆಲಮಟ್ಟದಲ್ಲಿ ನಾಲ್ಕು ಕಡೆ ಒಂದೊಂದು ಇಟ್ಟಿಗೆ ಕಿತ್ತದ್ದು. ಅನುಮತಿ ಕೇಳಲಿಲ್ಲ, ಭಾನುವಾರ ಕಿತ್ತೆ. ಸೋಮವಾರ ಊದುಬತ್ತಿ ಹಿಡಿದರೆ ಕೆಳಗಿನ ತೂತು ಹೊಗೆಯನ್ನು ಸರ್ರನೆ ಎಳೆದುಕೊಂಡಿತು, ಕಿಟಕಿಯ ಮೇಲ್ಭಾಗದಿಂದ ಬಿಸಿ ಗಾಳಿ ಮುಖಕ್ಕೆ ಬಡಿಯಿತು. ರಾತ್ರಿ ಇದೇ ಆಟ ತಿರುಗುಮುರುಗಾಗುತ್ತದೆ ಎಂಬುದನ್ನು ಮರೆತವರು ಬೆಳಿಗ್ಗೆ ಅಳುತ್ತಾರೆ. ಅದಕ್ಕೆ ತೂತುಗಳ ಹೊರಬದಿಗೆ ತೆಳು ಪ್ಲಾಸ್ಟಿಕ್ಕಿನ ನಾಲಿಗೆ ಕಟ್ಟಿದ್ದೇನೆ. ಹಗಲು ತಾನೇ ತೆರೆಯುತ್ತದೆ, ಸಂಜೆ ತಾನೇ ಮುಚ್ಚಿಕೊಳ್ಳುತ್ತದೆ. ಅದನ್ನು ಯಾವುದರಿಂದ, ಎಷ್ಟು ಸಡಿಲವಾಗಿ ಕಟ್ಟಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಬಿಸಿಲು ಹೀರಲೆಂದು ಹಾಳೆಯೊಳಗಿನ ಗೋಡೆಗೆ ಬಳಿದ ಕಪ್ಪಿನ ವಿಷಯವೂ ಅಷ್ಟೆ. ಬುಖಾರಿಯ ಮಸಿ ಎಂದಷ್ಟೇ ಹೇಳಬಲ್ಲೆ. ಗೋಂದು ಬೆರೆಸಬೇಡಿ, ವಾರದಲ್ಲಿ ಉದುರುತ್ತದೆ.

ಇಳಿಜಾರು ಈಗ 65 ಡಿಗ್ರಿಯಷ್ಟಿದೆ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ನಡುಮಧ್ಯಾಹ್ನವೂ ಸೂರ್ಯ 32 ಡಿಗ್ರಿ ಮೇಲೇರುವುದಿಲ್ಲ, ಆದ್ದರಿಂದ ಬಿಸಿಲು ನೆಟ್ಟಗೆ ಬಂದು ಬಡಿಯುತ್ತದೆ, ಬಿದ್ದ ಹಿಮವೂ ಜಾರುತ್ತದೆ. ಬುಡದಲ್ಲಿ ರಾಶಿಯಾದದ್ದನ್ನು ಬೆಳಿಗ್ಗೆ ನಾನೇ ಇಪ್ಪತ್ತು ನಿಮಿಷ ಸಲಿಕೆ ಹಿಡಿದು ತೆಗೆಯುತ್ತೇನೆ. ಚೌಕಿದಾರರೊಂದಿಗೆ ಒಪ್ಪಂದವಾಗಿದೆ: ಚಾವಣಿಯ ಹಿಮ ಉತ್ತರಕ್ಕೆ, ಪ್ರತಿಯಾಗಿ ಅವರ ಮಗನಿಗೆ ಬೀಜಗಣಿತ. ಪಾಪ್ಲರ್ ಗಳಗಳನ್ನು ಇಬ್ಬರು ಪೋಷಕರು ಕೊಟ್ಟರು. ಬಜಾರಿನ ಹಳೆಯ ಮಿಲಿಟರಿ ಕಂಬಳಿಗಳನ್ನು ರಾತ್ರಿ ಕಿಟಕಿಗೆ ಇಳಿಬಿಡುತ್ತೇನೆ. ಮೂರೂ ವರ್ಷದ್ದು ಸೇರಿ ನನ್ನ ಜೇಬಿನಿಂದ 11,000 ಹೋಗಿರಬಹುದು. ಹೆಂಡತಿಗೆ ಏಳು ಎಂದು ಹೇಳಿದ್ದೇನೆ.

ಲೆಕ್ಕ ಹೀಗಿದೆ. ಬೆಳಿಗ್ಗೆ ಎಂಟಕ್ಕೆ ಹೊರಗೆ ಮೈನಸ್ 14, ಕೊಠಡಿಯಲ್ಲಿ ಎರಡು ಮೂರು. ಬಿಸಿಲು ಬೆಟ್ಟ ದಾಟಿ ಬರುವುದೇ ಒಂಬತ್ತೂವರೆಗೆ, ಹಾಗಾಗಿ ಪಾಠವನ್ನು ಹತ್ತೂವರೆಗೆ ತಳ್ಳಿದೆ. ಹನ್ನೆರಡರ ಹೊತ್ತಿಗೆ ಕೊಠಡಿ 13, ಕಿಟಕಿಯ ಬಳಿ 18. ಹಿಮ ಬಿದ್ದು ಮರುದಿನ ಆಕಾಶ ತಿಳಿಯಾದರೆ ಇನ್ನೂ ಒಳ್ಳೆಯದು, ನೆಲದ ಬೆಳಕೂ ಸೇರಿ ಕಣ್ಣು ಕೋರೈಸುತ್ತದೆ. ಮೋಡ ಕವಿದ ದಿನ ಮಾತ್ರ ಇದು ಮೂರು ಕಾಸಿನ ಕೆಲಸಕ್ಕೂ ಬಾರದು. ಸುಮಾರು ಐವತ್ತು ದಿನಗಳಲ್ಲಿ ಹತ್ತೋ ಹನ್ನೊಂದೋ ದಿನ ಬುಖಾರಿ ಹಚ್ಚಿದೆವು.

ನಡುವೆ ಬೇರೆ ಆಟಗಳನ್ನೂ ಆಡಿದೆ. ಕಪ್ಪು ಬಳಿದ ಕ್ಯಾನುಗಳಲ್ಲಿ ನೀರು ತುಂಬಿ ಒಳಗಿಟ್ಟರೆ ರಾತ್ರಿ ಬಿಸಿ ಉಳಿಯುತ್ತದೆ ಎಂದು ಓದಿ ಎಂಟು ಕ್ಯಾನ್ ಇಟ್ಟೆ. ಒಂದು ಮೋಡದ ವಾರದಲ್ಲಿ ಮೂರು ಹೆಪ್ಪುಗಟ್ಟಿ ಸೀಳಿದವು. ಮೆಂತ್ಯ ಬಿತ್ತಿದೆ, ಮೂರು ವಾರಕ್ಕೆ ಗೇಣುದ್ದ ಬಂತು, ಮಕ್ಕಳು ಹಸಿಯಾಗಿಯೇ ತಿಂದು ಮುಗಿಸಿದರು. ದೋಸೆ ಹಿಟ್ಟು ಮಾತ್ರ ನನ್ನ ವಿಜಯ. ಇಲ್ಲಿನ ಕೋಣೆಯಲ್ಲಿ ನಾಲ್ಕು ದಿನ ಇಟ್ಟರೂ ಹುಳಿಯದ ಹಿಟ್ಟು ಹಾಳೆಯೊಳಗೆ ಆರು ಗಂಟೆಯಲ್ಲಿ ಪಾತ್ರೆಯ ಬಾಯಿಗೆ ಬಂತು. ಅಂದು ಇಡೀ ತರಗತಿಗೆ ದೋಸೆ. ಬೆಣ್ಣೆ ಯಾಕ್‌ನದು, ಚಟ್ನಿಗೆ ತೆಂಗಿನಕಾಯಿ ಇಲ್ಲದೆ ಏಪ್ರಿಕಾಟ್ ಬೀಜ ಅರೆದೆ. ನಕ್ಕಿದ್ದ ಕೇರಳದವರು ಐದು ತಿಂದರು.

ಈ ವರ್ಷ ಪಕ್ಕದ ಕೊಠಡಿಗೂ ಹೊದಿಸು ಎಂದು ಮೇಲಿನವರೇ ಹೇಳಿದ್ದಾರೆ, ಹಣವನ್ನೂ ಕೊಡುತ್ತಾರಂತೆ. ಹಾಳೆಯ ಸುರುಳಿ ಶ್ರೀನಗರದಿಂದ ಹೊರಟು ಐದು ದಿನವಾಯಿತು. ಜೊಜಿಲಾದಲ್ಲಿ ಹಿಮ ಬೀಳುತ್ತಿದೆ, ಲಾರಿ ಸೋನಾಮಾರ್ಗ್‌ನಲ್ಲಿ ನಿಂತಿದೆ ಎಂದು ನಿನ್ನೆ ಸಂಜೆ ಚಾಲಕರು ಫೋನ್ ಮಾಡಿದ್ದರು.