ಬೋಳು ಸ್ಟೆಂಟ್‌ಗೆ ತೆಳು ಲೇಪ: ಕೊನೆಗೂ ಹಿಡಿಯಿತು

ಔಷಧಿಯೇ ಇಲ್ಲದೆ, ಬರೀ ಲೇಪದ ಬಲದಿಂದ ಹೃದಯದ ರಕ್ತನಾಳವನ್ನು ತೆರೆದಿಡುವ ಜಾಲರಿ ಕೊಳವೆಯಾದ ಸ್ಟೆಂಟ್ ಮೇಲೆ, ರಕ್ತನಾಳದ ಒಳಪದರದ ಎಂಡೋಥೀಲಿಯಲ್ ಸೆಲ್ ಹಬ್ಬಿಸುತ್ತೇನೆ ಅಂದಾಗ ಲ್ಯಾಬ್‌ನ ಹಿರಿಯರೊಬ್ಬರು ನಕ್ಕರು. "ಸ್ಟೀಲಿಗೆ ಬಣ್ಣ ಹೊಡೆಯೋಕೆ ಪಿಎಚ್‌ಡಿ ಯಾಕಮ್ಮಾ?" ಅಂದರು. ಮೂರು ವರ್ಷ ಆಯಿತು. ಈಗ ಅವರ ವಿದ್ಯಾರ್ಥಿಯೇ ಬಂದು ಪ್ರೋಟೊಕಾಲ್ ಕೇಳುತ್ತಿದ್ದಾನೆ.

ಸ್ಟೆಂಟ್‌ಗೆ ಲೇಪಿಸುವ ಸಿರೋಲಿಮಸ್ ಎಂಬ ಔಷಧಿ, ಬೆಳೆದು ನಾಳವನ್ನು ಮತ್ತೆ ಕಟ್ಟುವ ಸ್ನಾಯು ಸೆಲ್‌ಗಳ ಜೊತೆಗೆ ನಮಗೆ ಬೇಕಾದ ಒಳಪದರವನ್ನೂ ತಡೆಯುತ್ತದೆ. ಔಷಧಿ ಲೇಪದ ಸ್ಟೆಂಟ್‌ನಲ್ಲಿ ವರ್ಷ ಕಳೆದ ಮೇಲೂ ರಕ್ತ ಹೆಪ್ಪುಗಟ್ಟುತ್ತದೆ ಅಂತ 2006ರಲ್ಲಿ ಎದ್ದ ಗಲಾಟೆ ನಿಮಗೆ ನೆನಪಿರಬೇಕು. ಹಾಗಾಗಿ ನಾನು ಆರಿಸಿಕೊಂಡದ್ದು ಅಂಟಿನ ಹಾಗೆ ಕಚ್ಚಿಕೊಳ್ಳುವ ಪಾಲಿಡೋಪಮೈನ್, ಅದರ ಮೇಲೆ ಎಂಡೋಥೀಲಿಯಲ್ ಸೆಲ್‌ಗಳು ಹಿಡಿದುಕೊಳ್ಳುವ ಆರ್‌ಇಡಿವಿ ಪೆಪ್ಟೈಡ್, ಅಂದರೆ ಪ್ರೋಟೀನಿನ ಪುಟ್ಟ ತುಣುಕು. ಟ್ರಿಸ್ ಬಫರ್ ದ್ರಾವಣ, ಪಿಎಚ್ 8.5, ಮುಳುಗಿಸು, ತೊಳೆ. ಪುಸ್ತಕದ ಬದನೆಕಾಯಿ.

316ಎಲ್ ಸ್ಟೀಲಿನ ಚಪ್ಪಟೆ ಬಿಲ್ಲೆಗಳ ಮೇಲೆ ಮೊದಲ ತಿಂಗಳಲ್ಲೇ ಚೆನ್ನಾಗಿ ಬಂತು. ಬೀಗಿದೆ. ಅದೇ ಲೇಪವನ್ನು ಸ್ಟೆಂಟ್‌ಗೆ ಹಾಕಿ, ಬಲೂನಿಗೆ ಬಿಗಿಸಿ, ಊದಿಸಿ ಎಸ್‌ಇಎಂ ಎಂಬ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎದೆ ಧಸಕ್ಕೆಂದಿತು. ತಂತಿ ಬಾಗುವ ಪ್ರತಿ ತಿರುವಿನಲ್ಲೂ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು. ಒಂದು ಕಡೆ ಚಕ್ಕೆಯೇ ಎದ್ದು ನಿಂತಿತ್ತು. ಅದು ರಕ್ತದಲ್ಲಿ ತೇಲಿ ಹೋದರೆ ಕಥೆ ಮುಗಿಯಿತು, ಅಲ್ವಾ? ದಪ್ಪ ಇದ್ದಷ್ಟೂ ಒಳ್ಳೆಯದು ಅಂತ ನಾಲ್ಕು ಸಲ ಮುಳುಗಿಸಿದ್ದು ನನ್ನದೇ ತಪ್ಪು. ಮೇಲಾಗಿ ಬೀಕರ್ ತಳಕ್ಕೆ ಇಳಿಯುವ ಕಾಫಿ ಗಷ್ಟಿನಂಥ ಕಪ್ಪು ಪುಡಿ ಸ್ಟೆಂಟ್ ಮೇಲೂ ಕೂರುತ್ತಿತ್ತು.

ಖರ್ಚು ನೆನೆದರೆ ಹೊಟ್ಟೆ ಉರಿಯುತ್ತದೆ. 2017ರಲ್ಲಿ ಸರ್ಕಾರ ಬೆಲೆಗೆ ಮಿತಿ ಹಾಕಿದಾಗ ಬೋಳು ಸ್ಟೆಂಟ್‌ಗೆ 7,260 ರೂಪಾಯಿ, ಔಷಧಿ ಲೇಪದ್ದಕ್ಕೆ 29,600. ನನಗೆ ಬೋಳು ಸಾಕಿತ್ತು. ಆದರೂ ಹನ್ನೊಂದೋ ಹನ್ನೆರಡೋ ಹಾಳು ಮಾಡಿದೆ. ಪೆಪ್ಟೈಡ್ ಒಂದು ಚಿಟಿಕೆಗೆ ಸುಮಾರು 40 ಸಾವಿರ. ಅದರಲ್ಲಿ ಅರ್ಧ, ಒಂದು ಶನಿವಾರ ಫ್ರೀಜರ್ ಕೈಕೊಟ್ಟು ಹೋಯಿತು. ಹೊಕ್ಕುಳಬಳ್ಳಿಯಿಂದ ತೆಗೆದ ಸೆಲ್‌ಗಳಿಗೆ ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಬಡಿದು ಮೂರು ತಿಂಗಳ ಕೆಲಸ ನೀರುಪಾಲು. ಆಮೇಲೆ ಬುದ್ಧಿ ಬಂತು. ಅದೇ ಸ್ಟೀಲಿನ ಸಣ್ಣ ತಂತಿ ತಂದು, ಲೇಪ ಹಾಕಿ, ಬಾಗಿಸಿ ನೋಡಿದೆ. ಮೀಟರಿಗೆ ಬಿಡಿಗಾಸು.

ನಡುವೆ ಒಂದು ಹುಚ್ಚು. ದೀಪಾವಳಿಗೆ ತೀರ್ಥಹಳ್ಳಿಗೆ ಹೋಗಿದ್ದೆ. ಮನೆಯಲ್ಲಿ ಅಡಿಕೆ ಬೇಯಿಸುತ್ತಿದ್ದರು. ಅದು ಬೆಂದ ನೀರು, ಚೊಗರು, ಕೈಗೆ ಹತ್ತಿದರೆ ವಾರವಾದರೂ ಹೋಗದಲ್ಲ, ಸ್ಟೀಲಿಗೆ ಯಾಕೆ ಹತ್ತಬಾರದು? ಟ್ಯಾನಿನ್ ತಾನೇ. ಬಾಟಲಿಗೆ ತುಂಬಿಸುತ್ತಿದ್ದಾಗ ಅಪ್ಪಯ್ಯ "ಇದನ್ನ ಜನರ ಹಾರ್ಟಿಗೆ ಹಾಕ್ತೀಯೇನೇ?" ಅಂದರು. ಹತ್ತಿದ್ದು ನಿಜ. ಆದರೆ ಒಂದೊಂದು ಹಂಡೆಯದು ಒಂದೊಂದು ಥರ. ಕೈಬಿಟ್ಟೆ. ಬಾಟಲಿ ಇನ್ನೂ ಲ್ಯಾಬ್ ಫ್ರಿಜ್‌ನಲ್ಲಿದೆ.

ಕೊನೆಗೆ ಹಿಡಿದದ್ದು ತೀರಾ ತೆಳು ಲೇಪ. ಮುಳುಗಿಸುವುದು ಒಂದೇ ಸಲ, ಅದೂ ದ್ರಾವಣ ಕಡುಕಪ್ಪಾಗುವ ಮೊದಲೇ ಎತ್ತಬೇಕು. ಸ್ಟೆಂಟನ್ನು ಮಲಗಿಸದೆ ತೂಗುಹಾಕಿ ನಿಧಾನ ತಿರುಗಿಸಿದೆ. ಪೆಪ್ಟೈಡ್ ತುದಿಗೆ ಸಿಸ್ಟೀನ್ ಸೇರಿಸಿ ತರಿಸಿದ ಮೇಲೆ ಗಟ್ಟಿಯಾಗಿ ಕಚ್ಚಿಕೊಂಡಿತು. ತೊಳೆಯುವುದಕ್ಕೂ ಪೆಪ್ಟೈಡ್ ಹಾಕುವುದಕ್ಕೂ ನಡುವೆ ಇನ್ನೊಂದು ಕೆಲಸವಿದೆ. ಪೇಟೆಂಟ್ ಅರ್ಜಿ ಹೋಗುವವರೆಗೆ ಅದರ ಬಗ್ಗೆ ಬಾಯಿ ಬಿಡುವುದಿಲ್ಲ.

ಊದಿಸಿದ ಮೇಲೂ ಬಿರುಕಿಲ್ಲ. ಅದರ ಮೇಲೆ ಸೆಲ್ ಬೆಳೆಸಿ, ಏಳನೇ ದಿನ ಸೆಲ್‌ನ ನ್ಯೂಕ್ಲಿಯಸ್ಸನ್ನು ನೀಲಿಯಾಗಿ ತೋರಿಸುವ ಡಾಪಿ ಬಣ್ಣ ಹಾಕಿ ನೋಡಿದಾಗ ತಿರುವಿನ ತುಂಬಾ ನೀಲಿ ಚುಕ್ಕೆಗಳು. ನೂರಕ್ಕೆ ಎಂಬತ್ತು ಭಾಗ ಮುಚ್ಚಿತ್ತೇನೋ. ಲೇಪ ಇಲ್ಲದ್ದರಲ್ಲಿ ಮೂವತ್ತೂ ದಾಟಿರಲಿಲ್ಲ. ಹಿರಿಯರನ್ನು ಕರೆದು ತೋರಿಸಿದೆ. ಐಪೀಸ್‌ನಿಂದ ಕಣ್ಣು ತೆಗೆಯದೆ, "ಹರಿಯೋ ರಕ್ತದಲ್ಲಿ ನಿಲ್ಲಬೇಕಲ್ಲಮ್ಮಾ" ಅಂದರು. ಅದೂ ಸರಿಯೇ. ಸ್ಟೆಂಟ್ ಮೂಲಕ ದ್ರವ ಹರಿಸುವ ಪಂಪು ಜೋಡಿಸಿ ಹತ್ತು ದಿನ ಆಯಿತು, ಲೇಪ ಇನ್ನೂ ಕಿತ್ತಿಲ್ಲ. ಮೊಲಗಳ ಮೇಲೆ ಪ್ರಯೋಗ ಮಾಡುವ ಅನುಮತಿಗೆ ಅರ್ಜಿ ಹಾಕಿ ಕಾಯುತ್ತಿದ್ದೇನೆ.